ಆನ್‌ಲೈನ್ ಆರೋಗ್ಯ ಕಾರ್ಯಕ್ರಮಗಳೂ ವಿದ್ಯಾರ್ಥಿಗಳ ಗೈರುಹಾಜರಿಯೂ

ದೇಹ ಮನಸ್ಸುಗಳ ಆರೋಗ್ಯವಿಲ್ಲದೆ ವಿದ್ಯಾರ್ಜನೆ ಸಾಗದು ಎಂಬ ಮಾತನ್ನು ಒಪ್ಪದವರಿಲ್ಲ. ಆ ಆರೋಗ್ಯವನ್ನು ಕಾಪಾಡಿಕೊಳ್ಳುವ ಬೋಧನೆಯೂ ಈಗ ವಿದ್ಯಾರ್ಥಿಯ ಅಂಗೈಯಲ್ಲಿರುವ ಫೋನಿಗೇ ಬಂದು ತಲುಪುತ್ತಿದೆ. ಪರೀಕ್ಷೆಯ ಭಯವನ್ನು ಗೆಲ್ಲುವುದು ಹೇಗೆ, ಕೆಟ್ಟ ನಿದ್ರೆಯನ್ನು ಕ್ರಮಕ್ಕೆ ತರುವುದು ಹೇಗೆ, ಮನಸ್ಸಿನ ಖಿನ್ನತೆಯನ್ನು ಕಳೆದುಕೊಳ್ಳುವುದು ಹೇಗೆ, ಧೂಮಪಾನವನ್ನು ಬಿಡುವುದು ಹೇಗೆ ಎಂದು ವಾರವಾರಕ್ಕೆ ಪಾಠ ಹೇಳಿಕೊಡುವ ಕಾರ್ಯಕ್ರಮಗಳು ಹಲವಾರಿವೆ. ತರಗತಿಯ ವಾಟ್ಸಾಪ್ ಗುಂಪಿಗೆ ಒಂದು ಲಿಂಕ್ ಬರುತ್ತದೆ. ಹೆಸರು, ವಯಸ್ಸು, ಮೊಬೈಲ್ ನಂಬರುಗಳನ್ನು ತುಂಬಿದರೆ ಪ್ರವೇಶ ದೊರೆಯಿತು. ಅನೇಕ ಕಾರ್ಯಕ್ರಮಗಳಿಗೆ ಶುಲ್ಕವಿಲ್ಲ. ಆಸ್ಪತ್ರೆಯ ಚೀಟಿಗಾಗಿ ಸಾಲಿನಲ್ಲಿ ನಿಲ್ಲಬೇಕಾಗಿಲ್ಲ. ಯಾರ ಎದುರಿಗೂ ಬಾಯಿಬಿಟ್ಟು ಕಷ್ಟ ಹೇಳಿಕೊಳ್ಳಬೇಕಾಗಿಲ್ಲ. ಇಷ್ಟು ಅನುಕೂಲಗಳಿದ್ದರೂ, ಸೇರಿದವರಲ್ಲಿ ಹೆಚ್ಚಿನವರು ಕೊನೆಯ ಪಾಠವನ್ನು ಕಾಣುವುದೇ ಇಲ್ಲ. ಇದಕ್ಕೆ ಕಾರಣವೇನು? ವಿದ್ಯಾರ್ಥಿಯ ಸೋಮಾರಿತನವೆ, ಕಾರ್ಯಕ್ರಮದ ಲೋಪವೆ, ಅಥವಾ ಬೇರೆ ಏನಾದರೂ ಇದೆಯೆ? ಈ ಪ್ರಶ್ನೆಯನ್ನು ನನಗೆ ತಿಳಿದಮಟ್ಟಿಗೆ ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಈ ಸಂಗತಿಯ ಗಾತ್ರವನ್ನು ತಿಳಿಯೋಣ. ಕೆನಡ ದೇಶದಲ್ಲಿ, ಥಟ್ಟನೆ ಎದೆ ಹೊಡೆದುಕೊಂಡು ಭಯಾವೇಗಕ್ಕೆ ಒಳಗಾಗುವವರಿಗಾಗಿ 12 ವಾರಗಳ ಒಂದು ಅಂತರ್ಜಾಲ ಕಾರ್ಯಕ್ರಮವಿತ್ತು. ಅದರ ಫಲಿತಾಂಶ 2005ರಲ್ಲಿ ಪ್ರಕಟವಾಯಿತು. ಹೆಸರು ನೋಂದಾಯಿಸಿದವರು 1161 ಮಂದಿ. 12 ವಾರಗಳನ್ನೂ ಪೂರೈಸಿದವರು 12 ಮಂದಿ. ಎಂದರೆ ನೂರಕ್ಕೆ ಒಬ್ಬರು! ಇದು ಹಳೆಯ ಕಾಲದ ಮಾತು, ಈಗ ಪ್ರತಿಯೊಬ್ಬರ ಜೇಬಿನಲ್ಲೂ ಫೋನಿದೆ ಎಂದು ಯಾರಾದರೂ ಹೇಳಬಹುದು. ಆದರೆ ಮಾನಸಿಕ ಆರೋಗ್ಯಕ್ಕೆ ಸಂಬಂಧಿಸಿದ ಮೊಬೈಲ್ ಆ್ಯಪ್‌ಗಳನ್ನು ಕುರಿತು 2019ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯೂ ಇದೇ ಕಥೆಯನ್ನು ಹೇಳುತ್ತದೆ. ಆ್ಯಪನ್ನು ಹಾಕಿಕೊಂಡು 30 ದಿನಗಳಾದ ಮೇಲೂ ಅದನ್ನು ತೆರೆಯುತ್ತಿದ್ದವರ ಪ್ರಮಾಣ, ನಡುಮಟ್ಟದ ಆ್ಯಪ್ ಒಂದನ್ನು ತೆಗೆದುಕೊಂಡರೆ, ಶೇಕಡ 3.3 ಮಾತ್ರ. ಯಂತ್ರ ಸುಧಾರಿಸಿತು, ಹಾಜರಿ ಸುಧಾರಿಸಲಿಲ್ಲ.

ಈ ವಿಷಯಕ್ಕೆ ಶಾಸ್ತ್ರದ ರೂಪ ಕೊಟ್ಟವರಲ್ಲಿ ಗುಂಥರ್ ಐಸೆನ್‌ಬಾಕ್ ಎಂಬ ವಿದ್ವಾಂಸರು ಮುಖ್ಯರು. ಅವರು 2005ರಲ್ಲಿ ಬರೆದ ಪ್ರಬಂಧವೊಂದರಲ್ಲಿ, ಇಂಥ ಕಾರ್ಯಕ್ರಮಗಳಿಂದ ಜನ ಜಾರಿಹೋಗುವುದು ಆಕಸ್ಮಿಕವಲ್ಲ, ಅದೊಂದು ನಿಯಮವೆಂದೇ ಭಾವಿಸಿ ಅಧ್ಯಯನ ಮಾಡಬೇಕು ಎಂದು ವಾದಿಸಿದರು. ಜಾರುವುದರಲ್ಲಿಯೂ ಅವರು ಎರಡು ಬಗೆಗಳನ್ನು ಗುರುತಿಸುತ್ತಾರೆ. ಒಂದು, ನಡೆಸುವವರ ಸಂಪರ್ಕವನ್ನೇ ಕಡಿದುಕೊಂಡು ಪ್ರಶ್ನಾವಳಿಗಳಿಗೆ ಉತ್ತರಿಸದೆ ಹೋಗುವುದು. ಇನ್ನೊಂದು, ಪಟ್ಟಿಯಲ್ಲಿ ಹೆಸರು ಇದ್ದೂ ಪಾಠವನ್ನು ತೆರೆಯದೆ ಇರುವುದು. ನಮ್ಮ ತರಗತಿಯ ಭಾಷೆಯಲ್ಲಿ ಹೇಳುವುದಾದರೆ, ಮೊದಲನೆಯವನು ಟಿ.ಸಿ. ಕೇಳದೆಯೇ ಊರು ಬಿಟ್ಟವನು. ಎರಡನೆಯವನು ಕೊನೆಯ ಬೆಂಚಿನಲ್ಲಿ ಕುಳಿತು ಕಿಟಕಿಯ ಹೊರಗೆ ನೋಡುತ್ತಿರುವವನು. ಹಾಜರಿ ಪುಸ್ತಕವೊಂದನ್ನೇ ನೋಡಿದರೆ ಈ ಎರಡನೆಯವನು ಕಾಣಿಸುವುದಿಲ್ಲ.

ಜಾರುವ ಕ್ರಮದಲ್ಲಿ ಸಾಮಾನ್ಯವಾಗಿ ಮೂರು ಹಂತಗಳಿರಬಹುದೆಂದೂ ಅವರು ಸೂಚಿಸಿದರು. ಪ್ರಾರಂಭದಲ್ಲಿ ಕುತೂಹಲದ ದಿನಗಳು. ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದ ಎಂಬ ನಮ್ಮ ಗಾದೆ ಈ ಹಂತಕ್ಕೆ ಸಲ್ಲುತ್ತದೆ. ಅನಂತರ ಕುಸಿತದ ದಿನಗಳು: ಪ್ರತಿ ವಾರವೂ ಕೆಲವರು ಉದುರುತ್ತಾರೆ. ಕೊನೆಗೆ ಉಳಿದವರು ಬೆರಳೆಣಿಕೆಯಷ್ಟಾದರೂ ಸ್ಥಿರವಾಗಿ ಉಳಿಯುತ್ತಾರೆ. ಈ ಮೂರನ್ನೂ ಬೇರೆಬೇರೆಯಾಗಿ ನೋಡುವುದು ಅಗತ್ಯ. ಏಕೆಂದರೆ ಮೊದಲ ದಿನವೇ ಬಿಟ್ಟವನು ಇಣುಕಿ ನೋಡಲು ಬಂದವನಿರಬಹುದು. ಅವನಿಗೆ ಅದರ ಅವಶ್ಯಕತೆ ಇದ್ದಿರಲಾರದು. ಮೂರನೆಯ ವಾರದಲ್ಲಿ ಬಿಟ್ಟವನಾದರೋ ಏನನ್ನೋ ಆಶಿಸಿ ಬಂದವನು. ನಾವು ಯೋಚಿಸಬೇಕಾದುದು ಇವನನ್ನು ಕುರಿತು.

“ಇಂದಿನ ಹುಡುಗರು ಆರಂಭಶೂರರು, ಯಾವುದನ್ನೂ ಪೂರೈಸುವ ತಾಳ್ಮೆ ಇವರಿಗಿಲ್ಲ” ಎಂದು ಹಿರಿಯರು ಆಕ್ಷೇಪಿಸುವುದುಂಟು. ಇದರಲ್ಲಿ ಸತ್ಯಾಂಶವಿಲ್ಲವೆಂದು ಸಾಧಿಸುವ ಹಟ ನನಗಿಲ್ಲ. ಆದರೆ ದೋಷವೆಲ್ಲವೂ ಸ್ವಭಾವದ್ದೇ ಆಗಿದ್ದರೆ, ಎಲ್ಲ ಸಂದರ್ಭಗಳಲ್ಲಿಯೂ ಒಂದೇ ಪ್ರಮಾಣದಲ್ಲಿ ಜನ ಬಿಟ್ಟುಹೋಗಬೇಕಾಗಿತ್ತು. ಹಾಗೆ ಆಗಿಲ್ಲವೆಂಬುದಕ್ಕೆ ಆಸ್ಟ್ರೇಲಿಯದ ಒಂದು ನಿದರ್ಶನವಿದೆ. ಕ್ಯಾನ್‌ಬೆರಾ ನಗರದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯವರು ‘ಮೂಡ್‌ಜಿಮ್’ ಎಂಬ ಕಾರ್ಯಕ್ರಮವನ್ನು 2001ರಲ್ಲಿ ಪ್ರಾರಂಭಿಸಿದರು. ಯುವಜನರು ತಮ್ಮ ಆಲೋಚನೆಯ ದಾರಿಯನ್ನು ತಾವೇ ಪರೀಕ್ಷಿಸಿ ಖಿನ್ನತೆಯನ್ನು ತಡೆಯಲಿ ಎಂಬುದು ಅದರ ಗುರಿ. ಅದರಲ್ಲಿ ಐದು ಭಾಗಗಳಿದ್ದುವು. ಯಾರು ಬೇಕಾದರೂ ತಾವಾಗಿ ಬಂದು ಸೇರಬಹುದಾಗಿತ್ತು. ಹಾಗೆ ಬಂದ 19,607 ಮಂದಿಯಲ್ಲಿ ಎಲ್ಲ ಭಾಗಗಳನ್ನೂ ಮುಗಿಸಿದವರು ಕೇವಲ 97. ಇದು ಶೇಕಡ ಅರ್ಧದಷ್ಟು. ಅದೇ ಕಾರ್ಯಕ್ರಮವನ್ನು ಸಂಶೋಧನೆಯ ಅಂಗವಾಗಿ 182 ಮಂದಿಗೆ ಕೊಟ್ಟಾಗ 41 ಮಂದಿ ಪೂರೈಸಿದರು. ಇದು ಶೇಕಡ 22ಕ್ಕೂ ಹೆಚ್ಚು. ಪಾಠ ಅದೇ. ಹಾಗಾದರೆ ವ್ಯತ್ಯಾಸವೆಲ್ಲಿತ್ತು? ಸಂಶೋಧನೆಯಲ್ಲಿ ಭಾಗವಹಿಸಿದವರನ್ನು ವಾರಕ್ಕೊಮ್ಮೆ ದೂರವಾಣಿಯ ಮೂಲಕ ಮಾತನಾಡಿಸಲಾಗುತ್ತಿತ್ತು. ಮಾತನಾಡಿಸಿದವರು ವೈದ್ಯರೂ ಅಲ್ಲ, ಮನಶ್ಶಾಸ್ತ್ರಜ್ಞರೂ ಅಲ್ಲ. ಆ ಕೆಲಸಕ್ಕೆಂದು ಸಿದ್ಧಪಡಿಸಿದ ಸಾಮಾನ್ಯ ಜನ. ಸಂಶೋಧನೆಗೆ ಒಪ್ಪಿ ಬಂದವರ ಮನಸ್ಸು ಮೊದಲೇ ಹೆಚ್ಚು ದೃಢವಾಗಿದ್ದಿರಬಹುದೆಂಬುದೇನೋ ನಿಜ. ಆದರೂ ಅರ್ಧಕ್ಕೂ ಇಪ್ಪತ್ತೆರಡಕ್ಕೂ ಇರುವ ಅಂತರ ಬಹಳ ದೊಡ್ಡದು.

ವಿದ್ಯಾರ್ಥಿಗಳ ವಿಷಯದಲ್ಲಿಯೂ ಇಂಥದೊಂದು ಉದಾಹರಣೆಯಿದೆ. ಅಮೆರಿಕದಲ್ಲಿ 18ರಿಂದ 28 ವಯಸ್ಸಿನ 70 ಮಂದಿಯ ಮೇಲೆ ನಡೆದ ಪ್ರಯೋಗವೊಂದು 2017ರಲ್ಲಿ ಪ್ರಕಟವಾಯಿತು. ಕೆಲವರಿಗೆ ಓದಲು ಪುಸ್ತಕ ಕೊಟ್ಟರು. ಇನ್ನು ಕೆಲವರಿಗೆ ‘ವೋಬಾಟ್’ ಎಂಬ, ಸಂಭಾಷಣೆಯ ರೂಪದಲ್ಲಿ ಉತ್ತರಿಸುವ ಯಂತ್ರವನ್ನು ಕೊಟ್ಟರು. ಎರಡು ವಾರಗಳ ಕೊನೆಯಲ್ಲಿ 58 ಮಂದಿ ಉತ್ತರಿಸಿದರು. ಅವಧಿ ಚಿಕ್ಕದಾಗಿ, ದಿನವೂ ‘ಹೇಗಿದ್ದೀಯೆ’ ಎಂದು ಕೇಳುವ ಒಂದು ದನಿ, ಅದು ಯಂತ್ರದ್ದೇ ಆಗಲಿ, ಇದ್ದ ಪ್ರಯೋಗದಲ್ಲಿ ತರುಣರೂ ಉಳಿದರು. ಅಂತೂ ವಿದ್ಯಾರ್ಥಿ ಹುಟ್ಟಿನಿಂದಲೇ ಓಡಿಹೋಗುವವನಲ್ಲ. ಆದರೆ ಇದೇ ವೋಬಾಟ್ ಆ್ಯಪನ್ನು ಅದರ ಕಂಪನಿಯವರು 2025ರ ಜೂನ್ ತಿಂಗಳ ಕೊನೆಯಲ್ಲಿ ಮುಚ್ಚಿದರು. ವಿದ್ಯಾರ್ಥಿಯು ಕಾರ್ಯಕ್ರಮವನ್ನು ಬಿಡುವಂತೆ ಕಾರ್ಯಕ್ರಮವೂ ವಿದ್ಯಾರ್ಥಿಯನ್ನು ಬಿಟ್ಟುಹೋಗುವುದುಂಟು ಎಂಬುದನ್ನು ನಾವು ಮರೆಯಬಾರದು.

ಇನ್ನು ಬಿಡುವುದಕ್ಕೆ ಕಾರಣಗಳೇನೆಂಬುದನ್ನು ವಿಚಾರಿಸೋಣ. ಹೊರಗಿನ ಅಂಕಿಅಂಶಗಳ ಜೊತೆಗೆ, ನಮ್ಮ ತರಗತಿಯಲ್ಲಿಯೂ ವಿದ್ಯಾರ್ಥಿನಿಲಯದಲ್ಲಿಯೂ ಗೆಳೆಯ ಗೆಳತಿಯರು ಹೇಳಿದ ಮಾತುಗಳನ್ನು ನಾನು ಇಲ್ಲಿ ಗಮನದಲ್ಲಿಟ್ಟುಕೊಂಡಿದ್ದೇನೆ.

ಮೊದಲನೆಯದು, ಕಾಯಿಲೆಯ ಗುಣವೇ ಮದ್ದಿಗೆ ಅಡ್ಡ ಬರುವುದು. ಖಿನ್ನತೆಯೆಂದರೆ ಬರಿಯ ದುಃಖವಲ್ಲ. ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು, ಚಿತ್ತವನ್ನು ಒಂದೆಡೆ ನಿಲ್ಲಿಸಲಾಗದಿರುವುದು, ಚಿಕ್ಕ ಕೆಲಸವೂ ಬೆಟ್ಟವಾಗಿ ತೋರುವುದು ಇವೆಲ್ಲ ಅದರ ಲಕ್ಷಣಗಳು. ಅಂಥವನಿಗೆ “ಈ ವಾರ ನಿಮ್ಮ ಮನಸ್ಸಿಗೆ ಬಂದ ಯೋಚನೆಗಳನ್ನು ದಿನಕ್ಕೆ ಮೂರು ಬಾರಿ ಬರೆದಿಡಿ” ಎಂದು ಹೇಳಿದರೆ, ಕಾಲು ಮುರಿದವನಿಗೆ ಆಸ್ಪತ್ರೆಗೆ ನಡೆದುಕೊಂಡು ಬಾ ಎಂದಂತೆಯೇ ಸರಿ. ಎರಡು ದಿನ ಬರೆಯದಿದ್ದರೆ ಮೂರನೆಯ ದಿನ ಅದನ್ನು ತೆರೆಯಲು ನಾಚಿಕೆ. ನಾಲ್ಕನೆಯ ದಿನ “ಇದೂ ನನ್ನಿಂದಾಗಲಿಲ್ಲ” ಎಂಬ ಹೊಸದೊಂದು ನಿರಾಶೆ ಹಳೆಯದರ ಜೊತೆಗೆ ಕೂಡಿಕೊಳ್ಳುತ್ತದೆ. ಮದ್ದಿನ ಅವಶ್ಯಕತೆ ಹೆಚ್ಚಾಗಿರುವವನೇ ಹೀಗೆ ಬೇಗ ಜಾರಬಹುದು.

ಎರಡನೆಯದು, ಕಾಲದ ಹೊಂದಾಣಿಕೆಯಿಲ್ಲದಿರುವುದು. ಕಾರ್ಯಕ್ರಮವು ಎಂಟು ವಾರಗಳನ್ನು ಒಂದೇ ಅಳತೆಯವೆಂದು ಎಣಿಸುತ್ತದೆ. ಕಾಲೇಜಿನ ವಾರಗಳು ಹಾಗಿಲ್ಲ. ನಡುವೆ ಆಂತರಿಕ ಪರೀಕ್ಷೆ, ಅಸೈನ್‌ಮೆಂಟು, ಊರ ಜಾತ್ರೆ, ಸುಗ್ಗಿ, ಅನಂತರ ಸೆಮಿಸ್ಟರ್ ಪರೀಕ್ಷೆ. ಪರೀಕ್ಷೆಯ ಭಯವನ್ನು ಕಳೆಯುವ ಪಾಠವು ಪರೀಕ್ಷೆ ಬಂದೊಡನೆ ಮೂಲೆ ಸೇರುವುದು ವಿನೋದವಾಗಿ ತೋರಿದರೂ ಸಹಜವಾದುದೇ. ಬೆಳಗ್ಗೆ ಆರೂವರೆಯ ಬಸ್ಸು ಹಿಡಿದು ಬಂದು ಸಂಜೆ ಕತ್ತಲಾದ ಮೇಲೆ ಹಳ್ಳಿ ಸೇರುವ ಸಹಪಾಠಿಯೊಬ್ಬ ಹೇಳಿದ: “ಪ್ರತಿದಿನ ಶಾಂತವಾದ ಅರ್ಧ ಗಂಟೆಯನ್ನು ಆರಿಸಿಕೊಳ್ಳಿ ಎಂದು ಅದರಲ್ಲಿ ಬರೆದಿತ್ತು. ನಾನು ಹುಡುಕಿದೆ, ಸಿಕ್ಕಲಿಲ್ಲ.”

ಮೂರನೆಯದು, ಏಕಾಂತದ ಅಭಾವ. ಮನಸ್ಸಿನ ಗುಟ್ಟನ್ನು ಫೋನಿಗೆ ಹೇಳುವುದು ಸುಲಭವೆಂದು ಯೋಜಕರು ತಿಳಿಯುತ್ತಾರೆ. ಆದರೆ ಫೋನು ಯಾರದು? ತಮ್ಮನ ಆಟಕ್ಕೂ ತಂದೆಯ ವ್ಯವಹಾರಕ್ಕೂ ಅದೇ ಫೋನು ಆಗಬೇಕಾದ ಮನೆಗಳಿವೆ. “ನಿಮ್ಮ ಇಂದಿನ ದುಃಖದ ಪ್ರಮಾಣವೆಷ್ಟು?” ಎಂಬ ಪ್ರಶ್ನೆ ಊಟದ ಹೊತ್ತಿನಲ್ಲಿ ಪರದೆಯ ಮೇಲೆ ಮೂಡಿ, ಅದನ್ನು ಅಣ್ಣ ಗಟ್ಟಿಯಾಗಿ ಓದಿದ ಮೇಲೆ, ನನ್ನ ಗೆಳತಿಯೊಬ್ಬಳು ಆ ಆ್ಯಪನ್ನೇ ಅಳಿಸಿಬಿಟ್ಟಳು. ಮೊದಲ ತಲೆಮಾರಿನಲ್ಲಿ ಕಾಲೇಜು ಕಂಡ ನಮ್ಮಂಥವರ ಮನೆಗಳಲ್ಲಿ ಪ್ರೀತಿಗೆ ಕೊರತೆಯಿಲ್ಲ; ಆದರೆ ಇಂಥ ಪಾಠವೊಂದು ಏಕೆ ಬೇಕಾಯಿತು ಎಂಬುದನ್ನು ವಿವರಿಸಲು ಹೊರಟರೆ, ಮನೆಯವರು ಗಾಬರಿಗೊಳ್ಳುತ್ತಾರೆ, ಇಲ್ಲವೆ ನಗುತ್ತಾರೆ. ವಿವರಿಸುವುದಕ್ಕಿಂತ ಬಿಡುವುದೇ ಸುಲಭವಾಗುತ್ತದೆ. ಬರೆದುದನ್ನು ಕಾಲೇಜಿನವರು ನೋಡುತ್ತಾರೋ ಏನೋ ಎಂಬ ಸಂಶಯವೂ ಇದರ ಜೊತೆಗೆ ಸೇರುತ್ತದೆ. ಅದನ್ನು ಮೊದಲೇ ಸ್ಪಷ್ಟವಾಗಿ ಹೇಳದಿದ್ದರೆ ಯಾರೂ ನಿಜವನ್ನು ಬರೆಯುವುದಿಲ್ಲ. ನಿಜವನ್ನು ಬರೆಯದವನಿಗೆ ಪಾಠದಿಂದ ಪ್ರಯೋಜನವೂ ಕಾಣುವುದಿಲ್ಲ.

ನಾಲ್ಕನೆಯದು, ಭಾಷೆ ಮತ್ತು ಬದುಕಿನ ದೂರ. ಇಂಗ್ಲಿಷಿನಲ್ಲಿ ಉತ್ತರಪತ್ರಿಕೆ ಬರೆಯಬಲ್ಲವನೂ ತನ್ನ ಸಂಕಟವನ್ನು ಇಂಗ್ಲಿಷಿನಲ್ಲಿ ಅನುಭವಿಸುವುದಿಲ್ಲ. ‘ಹೊಟ್ಟೆಯಲ್ಲಿ ಸಂಕಟ’, ‘ಎದೆ ಭಾರ’, ‘ಮನಸ್ಸಿಗೆ ಕಸಿವಿಸಿ’ ಎಂದು ನಾವು ಹೇಳುವುದಕ್ಕೂ ಅಲ್ಲಿ ಆರಿಸಿಕೊಳ್ಳಬೇಕಾದ ಪದಗಳಿಗೂ ನಂಟೇ ಕಾಣುವುದಿಲ್ಲ. ಭಾಷಾಂತರವಾಗಿದ್ದರೂ ಉದಾಹರಣೆಗಳು ಬೇರೆ ಲೋಕದವು. ತನ್ನ ಕೋಣೆ, ತನ್ನ ಕಾರು, ವಾರಾಂತ್ಯದ ಪ್ರವಾಸ ಇವು ಯಾರಿಗಿವೆಯೋ ಅವರ ಚಿಂತೆಗಳನ್ನು ಕುರಿತು ಪಾಠ ನಡೆಯುತ್ತದೆ. ವಿದ್ಯಾರ್ಥಿವೇತನ ತಡವಾಯಿತು, ತಂಗಿಯ ಮದುವೆಗೆ ಸಾಲವಾಯಿತು, ಪದವಿ ಮುಗಿದ ಮೇಲೆ ಕೆಲಸ ಸಿಕ್ಕದಿದ್ದರೆ ಊರಿನವರಿಗೆ ಮುಖ ತೋರಿಸುವುದು ಹೇಗೆ ಎಂಬ ಚಿಂತೆಗಳಿಗೆ ಅಲ್ಲಿ ಸ್ಥಳವಿಲ್ಲ. ತನ್ನ ಹೆಸರನ್ನು ಕರೆಯದ ತರಗತಿಯಲ್ಲಿ ಯಾವ ಹುಡುಗ ಎಷ್ಟು ದಿನ ಕುಳಿತಾನು?

ಐದನೆಯ ಕಾರಣವು ಸ್ವಲ್ಪ ವಿಚಿತ್ರವಾದುದು. ಕೆಲವರು ಗುಣವಾದುದರಿಂದಲೇ ಬಿಡುತ್ತಾರೆ. ಎರಡು ಪಾಠ ಓದಿದರು, ನಿದ್ರೆ ಬರತೊಡಗಿತು. ಇನ್ನು ಆರು ಪಾಠಗಳೇಕೆ? ಜ್ವರ ಬಿಟ್ಟವನು ಮಿಕ್ಕ ಮಾತ್ರೆಗಳನ್ನು ಗೂಡಿನಲ್ಲಿಟ್ಟು ಮರೆಯುವಂತೆ ಇವರು ಕಾರ್ಯಕ್ರಮವನ್ನು ಮರೆಯುತ್ತಾರೆ. ಇವರನ್ನು ಸೋತವರೆಂದು ಎಣಿಸುವುದು ಅನ್ಯಾಯ. ಆದುದರಿಂದ ಬಿಟ್ಟವರೆಲ್ಲರ ಲೆಕ್ಕವನ್ನು ನಷ್ಟದ ಪುಟದಲ್ಲಿಯೇ ಬರೆಯಕೂಡದು.

ಈ ಐದನೆಯದನ್ನು ಮೊದಲನೆಯದರ ಪಕ್ಕದಲ್ಲಿಟ್ಟು ನೋಡಿದಾಗ ಈ ವಿಷಯದ ನಿಜವಾದ ಗಾಂಭೀರ್ಯ ತಿಳಿಯುತ್ತದೆ. ಮೂರನೆಯ ವಾರ ಇಬ್ಬರು ಬರಲಿಲ್ಲ ಎಂದಿಟ್ಟುಕೊಳ್ಳೋಣ. ಒಬ್ಬನು ಗುಣವಾಗಿ ಗೆಳೆಯರೊಡನೆ ವಾಲಿಬಾಲ್ ಆಡುತ್ತಿದ್ದಾನೆ. ಇನ್ನೊಬ್ಬನು ಕೋಣೆಯ ಬಾಗಿಲು ಹಾಕಿಕೊಂಡು, ಊಟಕ್ಕೂ ಏಳದೆ ಮಲಗಿದ್ದಾನೆ. ಕಂಪ್ಯೂಟರಿನ ಪಟ್ಟಿಯಲ್ಲಿ ಇಬ್ಬರ ಹೆಸರಿನ ಮುಂದೆಯೂ ಒಂದೇ ಸೊನ್ನೆ. ಆ ಸೊನ್ನೆಗೆ ಎರಡು ವಿರುದ್ಧವಾದ ಅರ್ಥಗಳಿವೆ. ಪಟ್ಟಿಯು ಅವುಗಳ ಭೇದವನ್ನು ಹೇಳಲಾರದು. ಅದನ್ನು ತಿಳಿಯುವ ಉಪಾಯ ಒಂದೇ: ಯಾರಾದರೊಬ್ಬರು ಹೋಗಿ “ಏಕಪ್ಪ, ಕಾಣಲಿಲ್ಲ?” ಎಂದು ಕೇಳುವುದು. ನನ್ನ ದೃಷ್ಟಿಯಲ್ಲಿ ಈ ಕಾರ್ಯಕ್ರಮಗಳ ಮುಖ್ಯ ಕೊರತೆ ಪಾಠದ್ದಲ್ಲ, ಹೀಗೆ ಕೇಳುವವರಿಲ್ಲದಿರುವುದು.

ವಿದ್ವಾಂಸರೂ ಇದೇ ದಿಕ್ಕಿನಲ್ಲಿ ಯೋಚಿಸಿದ್ದಾರೆ. ಡೇವಿಡ್ ಮೋರ್ ಎಂಬುವರೂ ಅವರ ಸಂಗಡಿಗರೂ 2011ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಅಂತರ್ಜಾಲದ ಚಿಕಿತ್ಸೆಯಲ್ಲಿ ಜನ ಉಳಿಯಬೇಕಾದರೆ ತಾವು ಉತ್ತರ ಹೇಳಬೇಕಾದ ಒಬ್ಬ ಮನುಷ್ಯನಿರಬೇಕು ಎಂದು ವಿವರಿಸಿದರು. ಆದರೆ ಆ ಮನುಷ್ಯನು ಅಧಿಕಾರಿಯಂತೆ ಗದರಿಸುವವನಾಗಿರಬಾರದು. ವಿಷಯ ಬಲ್ಲವನೂ, ನಂಬಿಕೆಗೆ ಅರ್ಹನೂ, ಹಿತವನ್ನು ಬಯಸುವವನೂ ಆಗಿರಬೇಕು. ಏನನ್ನು ಮಾಡಬೇಕೆಂಬುದನ್ನು ಇಬ್ಬರೂ ಮೊದಲೇ ಕೂಡಿ ಒಪ್ಪಿಕೊಂಡಿರಬೇಕು. 2012ರಲ್ಲಿ ನೆದರ್‌ಲೆಂಡ್ಸಿನ ಸಂಶೋಧಕರು 83 ಅಂತರ್ಜಾಲ ಕಾರ್ಯಕ್ರಮಗಳನ್ನು ತುಲನೆ ಮಾಡಿದಾಗಲೂ, ಸಲಹೆಗಾರರ ಜೊತೆಗಿನ ಸಂಪರ್ಕ ಹೆಚ್ಚಾಗಿದ್ದ ಕಡೆ ಜನರು ಹೆಚ್ಚು ಉಳಿದುದು ಕಂಡುಬಂದಿತು.

ಇದು ನಮಗೆ ತೀರ ಹೊಸ ವಿಚಾರವೇನಲ್ಲ. ನಮ್ಮ ಊರುಗಳ ಗರಡಿಮನೆಯನ್ನು ನೆನೆಯಿರಿ. ಅಲ್ಲಿ ಸಾಮು ಕಲಿಯುವ ಹುಡುಗ ಎರಡು ದಿನ ತಪ್ಪಿಸಿಕೊಂಡರೆ ಉಸ್ತಾದರು ದಾರಿಯಲ್ಲಿ ಹಿಡಿದು ನಿಲ್ಲಿಸಿ ಕೇಳುತ್ತಾರೆ. ಭಜನೆಯ ಮೇಳದಲ್ಲಿ ತಾಳ ಹಾಕುವವನು ಒಂದು ಶನಿವಾರ ಬಾರದಿದ್ದರೆ ಮನೆಗೇ ಹೇಳಿಕಳುಹಿಸುತ್ತಾರೆ. ತಾನು ಹೋಗದಿದ್ದರೆ ಯಾರಿಗೋ ತಿಳಿಯುತ್ತದೆ, ಯಾರಿಗೋ ಬೇಸರವಾಗುತ್ತದೆ ಎಂಬ ಭಾವನೆಯೇ ಮನುಷ್ಯನನ್ನು ಒಂದು ಕಡೆ ಕಟ್ಟಿಹಾಕುತ್ತದೆ. “ನೀವು ಮೂರು ದಿನಗಳಿಂದ ಬಂದಿಲ್ಲ” ಎಂದು ಫೋನು ಗಂಟೆ ಬಾರಿಸಿದರೆ ಆ ಭಾವನೆ ಹುಟ್ಟುವುದಿಲ್ಲ. ಗಂಟೆಯನ್ನು ನಿಲ್ಲಿಸುವ ಗುಂಡಿ ಎಲ್ಲಿದೆಯೆಂದು ನಾವು ಹುಡುಕುತ್ತೇವೆ.

ಹಾಗಾದರೆ ನಮ್ಮಂಥ ಸರ್ಕಾರಿ ಕಾಲೇಜಿನಲ್ಲಿ ಏನು ಮಾಡಬಹುದು? ಹಣ ಬೇಡುವ ಸಲಹೆಗಳನ್ನು ನಾನು ಕೊಡಹೊರಟಿಲ್ಲ. ಲಿಂಕ್ ಕಳುಹಿಸುವ ದಿನವನ್ನು ಆಂತರಿಕ ಪರೀಕ್ಷೆ ಮುಗಿದ ಮರುವಾರಕ್ಕೆ ಇಟ್ಟುಕೊಳ್ಳಬಹುದು. ವಾರದಲ್ಲಿ ಒಂದು ಗಂಟೆಯ ಕಾಲ ಗ್ರಂಥಾಲಯದ ಕಂಪ್ಯೂಟರುಗಳನ್ನು ಇದಕ್ಕಾಗಿಯೇ ಬಿಡಬಹುದು. ಯಾರು ಏನು ನೋಡುತ್ತಿದ್ದಾರೆಂದು ಯಾರೂ ಇಣುಕದಂತೆ ಏರ್ಪಾಡಿರಲಿ. ಸೇರುವವರು ಇಬ್ಬಿಬ್ಬರಾಗಿ ಸೇರಲಿ. ಒಬ್ಬರು ತಪ್ಪಿದರೆ ಇನ್ನೊಬ್ಬರು ವಿಚಾರಿಸಲಿ. ಬರೆದುದನ್ನು ಯಾರು ಓದುತ್ತಾರೆ, ಯಾರು ಓದುವುದಿಲ್ಲ ಎಂಬುದನ್ನು ಮೊದಲ ದಿನವೇ ಕನ್ನಡದಲ್ಲಿ ತಿಳಿಸಲಿ. ಒಂದು ವಾರ ತಪ್ಪಿದವನು ಮತ್ತೆ ಅಲ್ಲಿಂದಲೇ ಮುಂದುವರಿಯಬಹುದು, ಅದು ಅಪರಾಧವಲ್ಲ ಎಂಬುದನ್ನೂ ಹೇಳಲಿ. ಪೂರೈಸದವರ ಹೆಸರುಗಳನ್ನು ಮಾತ್ರ ಎಂದಿಗೂ ನೋಟೀಸ್ ಬೋರ್ಡಿಗೆ ಅಂಟಿಸದಿರಲಿ. ಅಧ್ಯಾಪಕರಲ್ಲಿ ನನ್ನದೊಂದು ವಿನಂತಿ: ಎಷ್ಟು ಮಂದಿ ನೋಂದಾಯಿಸಿದರೆಂಬ ಸಂಖ್ಯೆಯನ್ನು ಮೇಲಕ್ಕೆ ಬರೆದು ಕಳುಹಿಸಿದೊಡನೆ ಕೆಲಸ ಮುಗಿಯಿತೆಂದು ದಯಮಾಡಿ ಭಾವಿಸಬಾರದು. ನೋಂದಣಿಯು ಬಾಗಿಲು, ಮನೆಯಲ್ಲ.

ಇನ್ನೊಂದು ಮಾತನ್ನು ಇಲ್ಲಿ ಹೇಳಲೇಬೇಕು. ಪಾಠವನ್ನು ಓದುವ ಶಕ್ತಿಯೂ ಇಲ್ಲದಷ್ಟು ಕುಗ್ಗಿರುವವರಿಗೆ ಪಾಠವು ಮದ್ದಲ್ಲ. ಅವರಿಗೆ ಮನುಷ್ಯರ ದನಿ ಬೇಕು. ಭಾರತ ಸರ್ಕಾರವು 2022ರ ಅಕ್ಟೋಬರ್ 10ರಂದು ‘ಟೆಲಿ ಮಾನಸ್’ ಎಂಬ ದೂರವಾಣಿ ಸೇವೆಯನ್ನು ಪ್ರಾರಂಭಿಸಿತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೇ ಅದಕ್ಕೆ ಕೇಂದ್ರಸ್ಥಾನ. 14416 ಎಂಬ ಸಂಖ್ಯೆಗೆ ಹಗಲಿರುಳು ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಖರ್ಚಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು. ಈ ಐದು ಅಂಕಿಗಳನ್ನು ನಮ್ಮ ನಮ್ಮ ನೋಟ್‌ಬುಕ್ಕಿನ ಒಳರಟ್ಟಿನ ಮೇಲೆ ಬರೆದಿಟ್ಟುಕೊಂಡರೆ ತಪ್ಪೇನು? ನಮಗೆ ಬೇಕಾಗದಿದ್ದರೆ ಪಕ್ಕದಲ್ಲಿ ಕುಳಿತವನಿಗೆ ಬೇಕಾದೀತು.

ಆನ್‌ಲೈನ್ ಕಾರ್ಯಕ್ರಮಗಳು ನಿಷ್ಪ್ರಯೋಜಕವೆಂದು ನಾನು ಹೇಳುತ್ತಿಲ್ಲ. ಮನೋವೈದ್ಯರನ್ನು ಕಾಣಬೇಕಾದರೆ ಜಿಲ್ಲಾಕೇಂದ್ರಕ್ಕೆ ಹೋಗಬೇಕಾದ ಹಳ್ಳಿಯ ವಿದ್ಯಾರ್ಥಿಗೆ ಅವು ದೊಡ್ಡ ಉಪಕಾರವನ್ನೇ ಮಾಡಬಲ್ಲವು. ಆದರೆ ಉಪಕಾರವು ಅವನನ್ನು ಮುಟ್ಟಬೇಕಾದರೆ ಅದರ ಹಿಂದೆ ಒಬ್ಬ ಮನುಷ್ಯನಿರಬೇಕು. ಆ ಮನುಷ್ಯನು ತಜ್ಞನೇ ಆಗಬೇಕಾಗಿಲ್ಲವೆಂಬುದನ್ನು ಕ್ಯಾನ್‌ಬೆರಾದ ದೂರವಾಣಿ ಕರೆಗಳು ತೋರಿಸಿವೆ. ಅವನು ಸಹಪಾಠಿಯಾಗಿರಬಹುದು, ಅಧ್ಯಾಪಕರಾಗಿರಬಹುದು, ವಿದ್ಯಾರ್ಥಿನಿಲಯದ ಅಡಿಗೆಯವರೂ ಆಗಿರಬಹುದು. ನಾಳೆ ತರಗತಿಯಲ್ಲಿ ಒಂದು ಬೆಂಚಿನ ತುದಿ ಬರಿದಾಗಿದ್ದರೆ, ಅಲ್ಲಿ ಕುಳಿತುಕೊಳ್ಳುತ್ತಿದ್ದವರು ಯಾರು, ಈಗ ಎಲ್ಲಿದ್ದಾರೆ ಎಂದು ನಮ್ಮಲ್ಲೊಬ್ಬರು ಕೇಳಲಿ.